ಜೂರ್ದಾನಿಗೆ ‘ದೇಜಾಬಿಯೆ’ ಹೊಲಿದದ್ದು

ನಮ್ಮ ಹವ್ಯಾಸಿ ನಾಟಕ ತಂಡದಲ್ಲಿ ವೇಷದ ಬಟ್ಟೆ ನನ್ನ ಜವಾಬ್ದಾರಿ. ಈ ಸಲ ಆಡಿದ್ದು ಫ್ರೆಂಚ್ ನಾಟಕಕಾರ ಮೋಲಿಯೇರ್‌ನ 1670ರ ಪ್ರಹಸನ. ಜೂರ್ದಾ ಎಂಬ ದುಡ್ಡಿನ ಕುಳಕ್ಕೆ ದೊಡ್ಡ ಮನೆತನದವನಂತೆ ಕಾಣುವ ಹುಚ್ಚು. ಮೊದಲ ಅಂಕದಲ್ಲೇ ಅವನು ನಿಲುವಂಗಿ ಸರಿಸಿ, ಒಳಗಿನದು ಬೆಳಗಿನ ಕಸರತ್ತಿನ ‘ದೇಜಾಬಿಯೆ’ ಅಂತ ಮೆರೆಯುತ್ತಾನೆ.

ನಿರ್ದೇಶಕರು ನಿಘಂಟು ನೋಡಿ, “ಅರೆಬಟ್ಟೆ ತಾನೆ ಮೇಡಂ? ಬನಿಯನ್, ಪಟಾಪಟಿ ಚಡ್ಡಿ ಸಾಕಲ್ವಾ?” ಅಂದರು. ನಗು ಬರೋದು ಗ್ಯಾರಂಟಿ. ಆದರೆ ರಂಗಸೂಚನೆಯಲ್ಲಿ ಇರುವುದು ಕೆಂಪು ಮಖಮಲ್ಲಿನ ಬಿಗಿ ಚಡ್ಡಿ, ಹಸಿರು ಮಖಮಲ್ಲಿನ ಒಳಅಂಗಿ!

ಫ್ರೆಂಚಿನಲ್ಲಿ ‘ಆಬಿಯೆ’ ಅಂದರೆ ಬಟ್ಟೆ ತೊಡಿಸು. ಅದರ ಹಳೆಯ ಅರ್ಥ ಅಣಿಮಾಡು. ಅದಕ್ಕೂ ಹಿಂದೆ ಮರದ ದಿಮ್ಮಿಯನ್ನು ಕೆತ್ತಿ ಸಿದ್ಧಮಾಡುವ ಮಾತು. ಮುಂದೆ ‘ದೇಜ್’ ಬಂದರೆ ಅರ್ಥ ಉಲ್ಟಾ. ಅಂದರೆ ಹೊರಗೆ ಹೊರಡಲು ಇನ್ನೂ ಅಣಿಯಾಗದವನ ಉಡುಪು. ಆಗಿನ ಸಾಹುಕಾರರು ಈ ‘ಅಣಿಯಾಗದ’ ಬಟ್ಟೆಗೂ ದರ್ಜಿಯನ್ನು ಕರೆಸುತ್ತಿದ್ದರು. 1670ರ ದಶಕದಲ್ಲಿ ಇಂಗ್ಲಿಷಿನವರೂ ಈ ಪದ ತಗೊಂಡರು. ಅಸ್ತವ್ಯಸ್ತ, ಅರೆಬರೆ ಉಡುಪು ಅನ್ನೋ ಅರ್ಥವೇ ಈಗ ಜಾಸ್ತಿ ಬಳಕೆಯಲ್ಲಿದೆ.

ಮೇಲಿನ ನಿಲುವಂಗಿಗೆ ಜೂರ್ದಾ ‘ಆಂದ್ಯೆನ್’ ಅನ್ನುತ್ತಾನೆ. ಅಂದರೆ ನಮ್ಮ ಇಂಡಿಯಾದ ಬಟ್ಟೆ. ಇಲ್ಲಿನ ಚಿತ್ತಾರದ ಹತ್ತಿಗೆ ಅಲ್ಲಿ ಅಷ್ಟು ಗಿರಾಕಿ. ತಮ್ಮ ನೇಕಾರರು ಉಳಿಯಲಿ ಅಂತ ಫ್ರಾನ್ಸ್ 1686ರಲ್ಲಿ ಅದನ್ನು ನಿಷೇಧಿಸಿತು, 1759ರವರೆಗೂ ಬಿಡಲಿಲ್ಲ. ಜೂರ್ದಾನ ನಿಲುವಂಗಿಯೂ ಇಲ್ಲಿನ ಬಟ್ಟೆಯದೇ ಆಗಲಿ ಅಂತ ನಾನು ಚಿಕ್ಕಪೇಟೆಯಲ್ಲಿ ದೊಡ್ಡ ಹೂಬಳ್ಳಿಯ ಕಲಂಕಾರಿ ಹುಡುಕಿದೆ. ಬಣ್ಣ ಬಿಡುತ್ತೆ, ಕತ್ತರಿಸುವ ಮೊದಲೇ ನೆನೆಸಿ ಒಣಗಿಸಬೇಕು.

ಕಟಿಂಗ್ ಸುಲಭ. ಬಟ್ಟೆ ಮಡಚಿ, ಮೈಯನ್ನೂ ತೋಳನ್ನೂ ಒಂದೇ ತುಂಡಿನಲ್ಲಿ ಕತ್ತರಿಸಿದೆ. ಭುಜದ ಮೇಲೆ ಹೊಲಿಗೆ ಇಲ್ಲ. ಘೇರು ಬರಲಿ ಅಂತ ಎರಡೂ ಪಕ್ಕಕ್ಕೆ ತ್ರಿಕೋನದ ತುಂಡು ಸೇರಿಸಿದೆ. ಕಷ್ಟ ಅನಿಸಿದ್ದು ‘ಸುಮ್ನೆ ಮೈಮೇಲೆ ಎಸೆದುಕೊಂಡ’ ಹಾಗೆ ಕಾಣಿಸುವುದು. ಎಡಭುಜ ಜಾರಬೇಕು, ಆದರೆ ಕುಣಿಯುವಾಗ ಪೂರ್ತಿ ಕಳಚಬಾರದು. ಬೆನ್ನ ಮೇಲ್ಭಾಗದಲ್ಲಿ ಒಳಗಿನಿಂದ ಟಿಚ್ ಬಟನ್ ಹಾಕಿ ನಿಲುವಂಗಿಯನ್ನು ಹಸಿರು ಅಂಗಿಗೆ ಸಿಕ್ಕಿಸಿದೆ. ಮುಂದೆ ಗುಂಡಿಯೇ ಇಡಲಿಲ್ಲ. ಸೊಂಟದ ಪಟ್ಟಿಗೆ ಜಾರುಗಂಟು. ತುದಿ ಎಳೆದರೆ ಸಾಕು, ಮಾತಿನ ಲಯ ತಪ್ಪದೆ ಮಖಮಲ್ಲು ಹೊರಗೆ ಕಾಣುತ್ತೆ.