ಆರು ಜನರ ಪಾಟ್‌ನಲ್ಲಿ ಟಾಪ್ ಪೇರ್ ಉಳಿಸಿಕೊಂಡ ಬಗೆ

ನಮ್ಮದು 20-40ರ ಲಿಮಿಟ್ ಹೋಲ್ಡೆಮ್. ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ ಇರುವ ಪೋಕರ್ ಅದು. ಬೆಟ್ ಮೊದಲೆರಡು ಸುತ್ತಿಗೆ 20 ರೂಪಾಯಿ, ಕೊನೆಯೆರಡಕ್ಕೆ 40, ಏರಿಸುವುದೂ ಅಷ್ಟಷ್ಟೇ. ಮೂಡಿಗೆರೆ ಸುತ್ತಿನ ಕಾಫಿ ಬೆಳೆಗಾರರೇ ಕೂರುತ್ತೇವೆ, ಮಳೆಗಾಲದಲ್ಲಿ ಜಾಸ್ತಿ. ಇಲ್ಲಿ ಯಾರೂ ಸುಲಭಕ್ಕೆ ಎಲೆ ಬಿಡುವುದಿಲ್ಲ. ಫ್ಲಾಪ್‌ಗೆ, ಅಂದರೆ ಮೇಜಿನ ಮೇಲೆ ಮೊದಲ ಮೂರು ಎಲೆ ಬೀಳುವ ಹೊತ್ತಿಗೆ, ಐದಾರು ಜನ ಇದ್ದೇ ಇರುತ್ತಾರೆ. ಈ ಟೇಬಲ್‌ನಲ್ಲಿ ಒಳ್ಳೆ ಕೈಗೆ ಬೆಲೆಯೇ ಇಲ್ಲ ಅಂತ ಎಲ್ಲರ ಮಾತು. ಕಳೆದ ಎರಡು ಮಳೆಗಾಲದಲ್ಲಿ ಅದು ಸುಳ್ಳು ಅಂತ ತೋರಿಸಿದ್ದೇನೆ.

ಅದಕ್ಕೂ ಮುಂಚಿನ ವರ್ಷ ಒಂದು ಸೀಸನ್‌ಗೆ ಹನ್ನೆರಡು ಸಾವಿರದಷ್ಟು ಹೋಗಿತ್ತು. ಎಕ್ಕದ ಜೋಡಿ ಒಬ್ಬನ ಎದುರು ನೂರಕ್ಕೆ 85 ಸಲ ಗೆಲ್ಲುತ್ತದೆ. ಐವರ ಎದುರು ಹೆಚ್ಚುಕಡಿಮೆ 49. ಅಂದಮೇಲೆ ಜನ ಕಡಿಮೆ ಮಾಡಬೇಕು, ಅಲ್ವಾ? ಆದರೆ ಲಿಮಿಟ್‌ನಲ್ಲಿ 20 ರೂಪಾಯಿಗೆ ಯಾರು ಹೆದರುತ್ತಾರೆ?

ಕೈಯಲ್ಲಿ ಎಕ್ಕ-ರಾಜ, ಫ್ಲಾಪ್ ರಾಜ-ಒಂಬತ್ತು-ನಾಲ್ಕು, ಅದರಲ್ಲಿ ಎರಡು ಒಂದೇ ಜಾತಿಯ ಎಲೆ ಅಂತಿಟ್ಟುಕೊಳ್ಳಿ. ಮೇಜಿನ ಮೇಲಿನ ದೊಡ್ಡ ಎಲೆಗೇ ನನ್ನ ಜೋಡಿ, ಅದೇ ಟಾಪ್ ಪೇರ್. ನಾನು ಸ್ಮಾಲ್ ಬ್ಲೈಂಡ್, ಫ್ಲಾಪ್ ಮೇಲೆ ಮೊದಲ ಸರದಿ ನನ್ನದು. ಬಟನ್, ಅಂದರೆ ಕೊನೆಯ ಸರದಿಯವನು, ಫ್ಲಾಪ್‌ಗೆ ಮುಂಚೆಯೇ ರೈಸ್ ಮಾಡಿ ಬೆಟ್ 40ಕ್ಕೆ ಏರಿಸಿದ್ದಾನೆ, ಆರೂ ಜನ ಬಂದಿದ್ದಾರೆ, ಪಾಟ್ (ನಡುವೆ ಸೇರಿದ ದುಡ್ಡು) 240. ನಾನೇ 20 ಹಾಕಿದರೆ ಪಕ್ಕದವನು 260ಕ್ಕೆ 20 ಕಟ್ಟಬೇಕು, ಒಂದಕ್ಕೆ ಹದಿಮೂರು. ಗಟ್‌ಶಾಟ್‌ಗೆ (ಸಾಲಾಗಿ ಐದು ಎಲೆ ಆಗಲು ನಡುವಿನ ಒಂದೇ ಅಂಕಿ ಬೇಕಾದವನಿಗೆ) ನಷ್ಟವಾಗದೆ ಬರಲು ಬೇಕಾದ್ದು ಒಂದಕ್ಕೆ ಹನ್ನೊಂದರ ಹತ್ತಿರ, ಒಂಬತ್ತರ ಜೋಡಿಗೆ ಎಂಟೂವರೆ. ಇಬ್ಬರೂ ಕರೆಕ್ಟಾಗಿಯೇ ಬರುತ್ತಾರೆ. ಬದಲಿಗೆ ಚೆಕ್ ಮಾಡುತ್ತೇನೆ, ದುಡ್ಡು ಹಾಕದೆ ಸರದಿ ದಾಟಿಸುತ್ತೇನೆ. ಎಲ್ಲರೂ ಚೆಕ್, ಬಟನ್ 20 ಹಾಕುತ್ತಾನೆ, ನಾನು ತಕ್ಷಣ 40. ಈಗ ಮಧ್ಯದವರು 300ಕ್ಕೆ 40 ಕಟ್ಟಬೇಕು, ಏಳೂವರೆ ಮಾತ್ರ. ಇಬ್ಬರೂ ಎಲೆ ಬಿಡಬೇಕಾದ ಲೆಕ್ಕ ಅದು. ಫ್ಲಷ್ ಡ್ರಾದವನು, ಅಂದರೆ ಒಂದೇ ಜಾತಿಯ ನಾಲ್ಕು ಎಲೆ ಇದ್ದು ಐದನೆಯದಕ್ಕೆ ಕಾಯುವವನು, ಹೋಗುವುದಿಲ್ಲ. ಅವನನ್ನು ಓಡಿಸುವ ಆಸೆಯೇ ಬೇಡ.

ರೈಸ್ ಮಾಡಿದವನು ನನ್ನ ಎಡಕ್ಕೇ ಕೂತಿದ್ದರೆ ನೇರ ಬೆಟ್. ಅವನು ರೈಸ್ ಮಾಡಿ ಉಳಿದವರನ್ನು ಅವನೇ ಕಳಿಸುತ್ತಾನೆ.

ಸೆಟ್ ಬಂದರೆ, ಅಂದರೆ ಕೈಯ ಜೋಡಿಗೆ ಅದೇ ಅಂಕಿಯ ಮೂರನೆಯದು ಸೇರಿದರೆ, ಎಲ್ಲ ಉಲ್ಟಾ. ಆಗ ಜನ ಬೇಕು. ಎಡಗಡೆಯವನಿಗೆ ಚೆಕ್ ಕೊಡುತ್ತೇನೆ. ಅವನು ಹಾಕಲಿ, ಉಳಿದ ನಾಲ್ವರೂ ಕಾಲ್ ಮಾಡಲಿ (ಅಷ್ಟೇ ಕಟ್ಟಿ ಉಳಿಯಲಿ), ಆಮೇಲೆ ನನ್ನ ರೈಸ್. ಒಂದು ಕಟ್ಟಿದವರು ಇನ್ನೊಂದು ಕಟ್ಟದೆ ಇರುವುದಿಲ್ಲ.

"ಎಕ್ಕ-ರಾಜ ಹಿಡ್ಕೊಂಡು ಚೆಕ್ ಮಾಡ್ತೀಯಲ್ಲ ಮಾರಾಯ" ಅಂತ ಭಾವ ಬೈಯುತ್ತಿದ್ದರು. ಅವರ ಮಾತಲ್ಲೂ ಹುರುಳಿತ್ತು. ಬಟನ್ ಕೂಡ ಚೆಕ್ ಮಾಡಿ, ಟರ್ನ್ (ಮೇಜಿನ ನಾಲ್ಕನೇ ಎಲೆ) ಎಲ್ಲರಿಗೂ ಪುಕ್ಕಟೆ ಸಿಕ್ಕಿ, ಒಂದು ರಾತ್ರಿ ಎರಡು ದೊಡ್ಡ ಪಾಟ್ ಹೋದವು, ಹತ್ತಿರತ್ತಿರ ಸಾವಿರ ರೂಪಾಯಿ. ಹಾಗಾಗಿ ಬಟನ್‌ನವನು ಖಂಡಿತ ಹಾಕುತ್ತಾನೆ ಅನ್ನುವ ನಂಬಿಕೆ ಇದ್ದರೆ ಮಾತ್ರ ಚೆಕ್. ಆ ನಂಬಿಕೆ ನನಗೆ ಹೇಗೆ ಬರುತ್ತದೆ ಅಂತ ಬರೆಯುವುದಿಲ್ಲ. ಶನಿವಾರ ಮತ್ತೆ ಅದೇ ಜನರ ಜೊತೆಗೇ ಕೂರಬೇಕು.

ಮನೆಯಲ್ಲಿ ಮಗನನ್ನು ಕೂರಿಸಿಕೊಂಡು ಕಾಫಿ ಬೀಜವನ್ನೇ ಚಿಪ್ಸ್ ಮಾಡಿ ಇದೇ ಫ್ಲಾಪ್ ಹಂಚಿ ನೋಡಿದೆ. ಫ್ಲಷ್ ಡ್ರಾ, ಗಟ್‌ಶಾಟ್, ಒಂಬತ್ತರ ಜೋಡಿ ಮೂರೂ ಉಳಿದರೆ ಟಾಪ್ ಪೇರ್ ಗೆದ್ದದ್ದು ಹತ್ತಕ್ಕೆ ನಾಲ್ಕು ಸಲ. ಫ್ಲಷ್ ಡ್ರಾ ಒಂದೇ ಉಳಿದರೆ ಆರಕ್ಕಿಂತ ಜಾಸ್ತಿ.  

ಫ್ಲಾಪ್‌ನಲ್ಲೇ ಪಾಟ್ ತೀರಾ ಉಬ್ಬಿದ್ದರೆ ನನ್ನ ರೈಸ್ ಟರ್ನ್‌ಗೆ ಇಡುತ್ತೇನೆ. ಅಲ್ಲಿ ಬೆಟ್ 40, ರೈಸ್ ಆದರೆ 80. ಫ್ಲಷ್ ಆಗುವಂತೆ ಅದೇ ಜಾತಿಯ ಮೂರನೇ ಎಲೆ ಬಿದ್ದರೆ ಸುಮ್ನೆ ಕಾಲ್.

ಎರಡು ಮಳೆಗಾಲಕ್ಕೆ ಹದಿನೆಂಟು ಸಾವಿರದ ಆಸುಪಾಸು ಉಳಿದಿದೆ. ತೋಟಕ್ಕೆ ಕಳೆ ಹೊಡೆಯುವ ಮಷಿನ್ ಆ ದುಡ್ಡಲ್ಲೇ ಬಂತು. ಈಗ ಭಾವನೂ ಬ್ಲೈಂಡ್‌ನಿಂದ ಚೆಕ್ ಮಾಡಿ ಕಾಯುತ್ತಾರೆ. ಅವರು ಹಾಗೆ ಕಾದಾಗ ನಾನು ಬಟನ್‌ನಲ್ಲಿದ್ದರೆ ಬೆಟ್ ಹಾಕುವುದೇ ಇಲ್ಲ, ಟರ್ನ್ ಪುಕ್ಕಟೆ ನೋಡುತ್ತೇನೆ.