ಊರಾಚೆಗೆ ಸಂಸಾರ ಸಾಗಿಸುವವರಿಗೆ: ಮೊದಲು ನೀರು ನೋಡಿ, ಮನೆ ಕೊನೆಗೆ

ಹನುಮಂತನಗರದ ಬಾಡಿಗೆ ಮನೆ ಬಿಟ್ಟು ಅತ್ತೆ, ನಾವಿಬ್ಬರು, ಮಕ್ಕಳಿಬ್ಬರು ಆನೇಕಲ್ ತಾಲ್ಲೂಕಿನ ಚಂದಾಪುರಕ್ಕೆ ಬಂದದ್ದು 2024ರ ಏಪ್ರಿಲ್ ಕೊನೆಯಲ್ಲಿ. ಬೆಂಗಳೂರು ನೀರಿಲ್ಲದೆ ತತ್ತರಿಸಿದ ಬೇಸಿಗೆ ಅದು. ಹೊಸ ಮನೆ ಚೆಂದವಿತ್ತು. ಪೂರ್ವದ ಬಾಗಿಲು, ಧಾರಾಳ ಗಾಳಿ ಬೆಳಕು, ಅಡುಗೆಮನೆಗೆ ಅಂಟಿಕೊಂಡು ಒಂದು ಸಣ್ಣ ಬಾಲ್ಕನಿ. ಮೂರನೆಯ ದಿನ ಬೆಳಿಗ್ಗೆ ಕುಕ್ಕರ್ ಆರು ಸಲ ಕೂಗಿದರೂ ತೊಗರಿಬೇಳೆ ಬೇಯಲಿಲ್ಲ. ಬೇಳೆ ತಳದಲ್ಲಿ, ತಿಳಿ ಮೇಲೆ ನಿಂತ ಸಾರನ್ನು ಅನ್ನಕ್ಕೆ ಕಲಸಿಕೊಳ್ಳುತ್ತಾ ಅತ್ತೆ ಕೇಳಿದರು: "ಮನೆ ನೋಡಿದಿರಿ ಸರಿ, ನೀರು ನೋಡಿದಿರಾ?"

ನೋಡಿರಲಿಲ್ಲ. ಆಮೇಲಿನ ದಿನಗಳಲ್ಲಿ ನಮ್ಮ ಬಳಗದ ಮೂರು ಸಂಸಾರಗಳು ಹೊಸೂರು ರಸ್ತೆಯ ಈ ಕಡೆಗೆ ಬಂದವು. ಅವರ ಜೊತೆ ಮನೆ ಹುಡುಕುತ್ತಾ ಓಡಾಡಿ ಕಲಿತ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ನಾವು ಮೊದಲು ಮನೆ ಆರಿಸಿ, ಉಳಿದದ್ದನ್ನು ಅದಕ್ಕೆ ಹೊಂದಿಸಲು ಹೆಣಗಿದೆವು. ಈ ಕ್ರಮ ಅದಕ್ಕೆ ತದ್ವಿರುದ್ಧ. ಕೆಂಗೇರಿಯಾಚೆ, ಹೊಸಕೋಟೆ, ನೆಲಮಂಗಲ, ದೇವನಹಳ್ಳಿ, ಯಾವ ದಿಕ್ಕಿಗೆ ಹೋಗುವವರಿಗೂ ಇದರ ಬಹುಪಾಲು ಒಪ್ಪುತ್ತದೆ.

ಹೆಜ್ಜೆ 1: ಕೆಲಸದ ದಿನ ಒಂದು ಪೂರ್ತಿ ದಿನ ಅಲ್ಲಿರಿ

ಭಾನುವಾರ ಬೆಳಿಗ್ಗೆ ಹೋಗಿ ನೋಡಿದರೆ ಎಲ್ಲ ಊರೂ ಚೆಂದವೇ. ಸೋಮವಾರ ಅಥವಾ ಮಂಗಳವಾರ ಹೋಗಿ. ಬೆಳಿಗ್ಗೆ ಏಳಕ್ಕೆ ಅಲ್ಲಿದ್ದು, ಸಂಜೆ ಎಂಟರವರೆಗೆ ಇರಿ. ಚಂದಾಪುರ ವೃತ್ತದಲ್ಲಿ ಹೊಸೂರು ಹೆದ್ದಾರಿ, ಆನೇಕಲ್ ರಸ್ತೆ, ದೊಮ್ಮಸಂದ್ರದ ರಸ್ತೆ ಮೂರೂ ಕೂಡುತ್ತವೆ. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಯ ಕಾರ್ಖಾನೆಗಳ ಪಾಳಿ ಬದಲಾಗುವ ಹೊತ್ತಿನಲ್ಲಿ ಆ ವೃತ್ತ ದಾಟುವುದು ಏನೆಂದು ಭಾನುವಾರ ಬಂದವರಿಗೆ ತಿಳಿಯುವುದೇ ಇಲ್ಲ.

ಓಡಾಟದ ಲೆಕ್ಕ ಹಾಕುವಾಗ ಇಂದು ಓಡುತ್ತಿರುವುದನ್ನು ಮಾತ್ರ ಹಿಡಿಯಿರಿ. ನಮಗೆ ಮನೆ ತೋರಿಸಿದವರು "ಮೆಟ್ರೊ ಇನ್ನೇನು ಬಂದೇಬಿಟ್ಟಿತು" ಎಂದಿದ್ದರು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗ ಉದ್ಘಾಟನೆಯಾದದ್ದು 2025ರ ಆಗಸ್ಟ್ 10ರಂದು. ಆರಂಭದಲ್ಲಿ ಮೂರೇ ರೈಲು, 25 ನಿಮಿಷಕ್ಕೊಂದು. ಅಲ್ಲಿಯವರೆಗೆ ಒಂದು ವರ್ಷದ ಮೇಲೆ ನನ್ನ ಗಂಡ ಬಸ್ಸಿನಲ್ಲಿ ನಿಂತೇ ಓಡಾಡಿದರು. ಮಾರ್ಗ ಬಂದ ಮೇಲೆ ಈ ಭಾಗದ ಬದುಕು ನಿಜಕ್ಕೂ ಹಗುರವಾಗಿದೆ, ಅದನ್ನು ಮನಸಾರೆ ಹೇಳುತ್ತೇನೆ. 19 ಕಿಲೋಮೀಟರ್, 16 ನಿಲ್ದಾಣ, ಸಿಲ್ಕ್ ಬೋರ್ಡ್‌ನ ದಟ್ಟಣೆಯ ಮೇಲಿನಿಂದಲೇ ದಾಟಿ ಹೋಗುತ್ತೇವೆ. ಆದರೆ ಹೀಲಲಿಗೆಯಿಂದ ರಾಜಾನುಕುಂಟೆಗೆ ಹೋಗಬೇಕಾದ ಉಪನಗರ ರೈಲನ್ನು ನಂಬಿ ಮನೆ ಹಿಡಿಯಬೇಡಿ. ಅದು ಬಂದ ದಿನ ಬೋನಸ್ಸು ಎಂದುಕೊಳ್ಳಿ.

ಮೆಟ್ರೊ ನಿಲ್ದಾಣದಿಂದ ಮನೆಯವರೆಗಿನ ಕೊನೆಯ ಎರಡು ಮೂರು ಕಿಲೋಮೀಟರನ್ನು ರಾತ್ರಿ ಒಂಬತ್ತಕ್ಕೆ ಒಮ್ಮೆ ನೀವೇ ಕ್ರಮಿಸಿ. ಬೀದಿದೀಪ ಇದೆಯೇ, ಹಂಚಿಕೊಂಡು ಹೋಗುವ ಆಟೊ ಸಿಗುತ್ತದೆಯೇ, ಕಾಲೇಜಿಗೆ ಹೋಗುವ ಮಗಳು ಒಬ್ಬಳೇ ನಡೆದು ಬರುವ ಹಾದಿಯೇ ಎಂಬುದು ಆಗ ಗೊತ್ತಾಗುತ್ತದೆ.

ಹೆಜ್ಜೆ 2: ನೀರು

ಎಲ್ಲಕ್ಕಿಂತ ಹೆಚ್ಚು ಸಮಯ ಇದಕ್ಕೆ ಕೊಡಿ. ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಚಾಲನೆಗೊಂಡಿತು. ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಆ ಯೋಜನೆ ಇರುವುದು 2007ರಲ್ಲಿ ಬೆಂಗಳೂರು ಪಾಲಿಕೆಗೆ ಸೇರಿದ 110 ಹಳ್ಳಿಗಳಿಗಾಗಿ. ಹೆಬ್ಬಗೋಡಿ, ಬೊಮ್ಮಸಂದ್ರ, ಚಂದಾಪುರ, ಅತ್ತಿಬೆಲೆಗಳಿಗೆ ಅವವೇ ಸ್ಥಳೀಯ ಸಂಸ್ಥೆಗಳಿವೆ, ಅವು ಆ 110ರಲ್ಲಿ ಸೇರಿಲ್ಲ. "ಕಾವೇರಿ ನೀರು ಬರುತ್ತದೆ" ಎಂದು ಯಾರಾದರೂ ಹೇಳಿದರೆ ಬಿಲ್ಲು ತೋರಿಸಲು ಕೇಳಿ. ಬಿಲ್ಲಿಲ್ಲ ಎಂದರೆ ಕೊಳವೆಬಾವಿ, ಇಲ್ಲವೇ ಟ್ಯಾಂಕರ್ ಎಂದೇ ಅರ್ಥ.

ಕೇಳಬೇಕಾದ ಪ್ರಶ್ನೆಗಳು ಇವು: ಕೊಳವೆಬಾವಿ ಎಷ್ಟು ಅಡಿ ಕೊರೆದಿದ್ದಾರೆ? ಮಾರ್ಚ್‌ನಿಂದ ಮೇ ತಿಂಗಳವರೆಗೆ ಕಳೆದ ವರ್ಷ ಎಷ್ಟು ಟ್ಯಾಂಕರ್ ತರಿಸಿದರು? ಅದರ ದುಡ್ಡು ನಿರ್ವಹಣಾ ಶುಲ್ಕದಲ್ಲಿ ಸೇರಿದೆಯೇ, ಬೇರೆಯೇ? ಮಳೆನೀರು ಕೊಯ್ಲಿನ ಗುಂಡಿಯಲ್ಲಿ ನೀರು ಇಂಗುತ್ತದೆಯೇ, ಇಲ್ಲ ಅದರಲ್ಲಿ ಸಿಮೆಂಟಿನ ಚೀಲ ತುಂಬಿದೆಯೇ? ಉತ್ತರವನ್ನು ಮಾಲೀಕರಿಂದ ಅಲ್ಲ, ಅಲ್ಲಿ ಈಗಾಗಲೇ ಇರುವ ಗೃಹಿಣಿಯರಿಂದ, ಕಾವಲುಗಾರರಿಂದ ಪಡೆಯಿರಿ. ಮನೆಯೊಳಗೆ ಹೋದಾಗ ಬಚ್ಚಲಿನ ಶವರಿನ ತೂತುಗಳನ್ನೂ ನಲ್ಲಿಯ ಬುಡವನ್ನೂ ನೋಡಿ. ಬಿಳಿ ಸುಣ್ಣ ಕಟ್ಟಿದ್ದರೆ ನೀರು ಗಡಸು.

ಮುಂದಿನದು ನಮ್ಮ ಅತ್ತೆಯ ಪರೀಕ್ಷೆ. ಎರಡು ಲೀಟರಿನ ಬಾಟಲಿಯಲ್ಲಿ ಅಡುಗೆಮನೆಯ ನಲ್ಲಿಯ ನೀರು ಹಿಡಿದು ತನ್ನಿ. ಒಂದೇ ಡಬ್ಬದ ತೊಗರಿಬೇಳೆಯನ್ನು ಎರಡು ಪಾತ್ರೆಗೆ ಹಾಕಿ, ಒಂದರಲ್ಲಿ ನಿಮ್ಮ ಈಗಿನ ಮನೆಯ ನೀರು, ಇನ್ನೊಂದರಲ್ಲಿ ತಂದ ನೀರು ಹಾಕಿ ಬೇಯಿಸಿ. ಗಡಸು ನೀರಿನಲ್ಲಿ ಬೇಳೆ ಒಡೆಯುವುದಿಲ್ಲ. ಅದೇ ನೀರಿನಲ್ಲಿ ಸೋಪು ಉಜ್ಜಿ ನೋಡಿ, ನೊರೆ ಏಳದೆ ಮೊಸರಿನ ಹಾಗೆ ಒಡೆಯುತ್ತದೆ. ಮನೆ ಹಿಡಿಸಿದ್ದರೆ ಮಾತ್ರ ಪ್ರಯೋಗಾಲಯಕ್ಕೆ ಕೊಡಿ. ಭಾರತೀಯ ಮಾನಕ 10500ರ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಾಗ 600ರವರೆಗೆ. ಫ್ಲೋರೈಡ್ 1.5 ಮಿಲಿಗ್ರಾಂ ಮೀರಬಾರದು, ನೈಟ್ರೇಟ್ 45. ಅಂಗಡಿಯಲ್ಲಿ ಸಿಗುವ ಪೆನ್ನಿನಂಥ ಮಾಪಕ ನೀರಿನಲ್ಲಿ ಕರಗಿದ ಲವಣ ಒಟ್ಟು ಎಷ್ಟೆಂದು ಮಾತ್ರ ತೋರಿಸುತ್ತದೆ. ಫ್ಲೋರೈಡು, ನೈಟ್ರೇಟು ಅದಕ್ಕೆ ಕಾಣುವುದಿಲ್ಲ.

ಹೆಜ್ಜೆ 3: ನೆಲದ ಇಳಿಜಾರು, ಕೆರೆಯ ಗಾಳಿ

"ಕೆರೆಯ ನೋಟ" ಎಂಬ ಮಾತಿಗೆ ಮನಸೋಲುವ ಮುನ್ನ ಸಂಜೆ ಆರರ ಮೇಲೆ ಹೋಗಿ ಆ ಬಾಲ್ಕನಿಯಲ್ಲಿ ಅರ್ಧ ಗಂಟೆ ನಿಲ್ಲಿ. ಚಂದಾಪುರ ಕೆರೆಗೆ ಕೊಳಚೆಯೂ ಕಾರ್ಖಾನೆಗಳ ತ್ಯಾಜ್ಯವೂ ಹರಿದು, ಕೆರೆಯನ್ನು ಕಾಪಾಡದಿದ್ದುದಕ್ಕಾಗಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2022ರ ಅಕ್ಟೋಬರ್‌ನಲ್ಲಿ ರಾಜ್ಯಕ್ಕೆ 500 ಕೋಟಿ ರೂಪಾಯಿ ಪರಿಹಾರ ಕಟ್ಟಲು ಆದೇಶಿಸಿತ್ತು. ಇಷ್ಟೊಂದು ಜನ ಬಂದು ನೆಲೆಸುತ್ತಿರುವ ಊರಿನ ನಡುವಿನ ಕೆರೆ ಆ ಗತಿಗೆ ಬಂದದ್ದು ನನಗೆ ಈಗಲೂ ನೋವಿನ ಸಂಗತಿ.

ಸರ್ವೆ ನಂಬರ್ ತಿಳಿದುಕೊಂಡು ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ನೋಡಿ. ಜಾಗ ಕೆರೆಯಂಗಳದಲ್ಲಿದೆಯೇ, ಮಳೆನೀರು ಹರಿಯುವ ರಾಜಕಾಲುವೆಗೆ ತಗುಲಿದೆಯೇ ಎಂಬುದು ಮೊಬೈಲಿನಲ್ಲೇ ಕಾಣುತ್ತದೆ. ಇನ್ನೂ ಒಳ್ಳೆಯದೆಂದರೆ ಆ ಊರಿನಲ್ಲೇ ಹುಟ್ಟಿ ಬೆಳೆದ ಹಿರಿಯರನ್ನು ಕೇಳುವುದು. ನಮ್ಮ ಬೀದಿಯ ಕೊನೆಯಲ್ಲಿ ಹೂವು ಮಾರುವ ಅಜ್ಜಿ, ಈಗ ಮೂರು ಅಂತಸ್ತಿನ ಮನೆಗಳಿರುವ ಒಂದು ಸಾಲನ್ನು ತೋರಿಸಿ, "ಅಲ್ಲಿ ನಾವು ಭತ್ತ ಹಾಕುತ್ತಿದ್ದೆವು" ಎಂದರು. ಭತ್ತ ಬೆಳೆದ ಜಾಗವೆಂದರೆ ನೀರು ನಿಲ್ಲುವ ಜಾಗ. ಆ ಮಳೆಗಾಲದಲ್ಲಿ ಆ ಸಾಲಿನ ನೆಲಮಾಳಿಗೆಗಳಿಂದ ಪಂಪು ಹಚ್ಚಿ ನೀರೆತ್ತುವುದನ್ನು ಕಂಡೆ.

ಹೆಜ್ಜೆ 4: ಮನೆಯ ಹಿರಿಯರಿಗೆ ಅವರ ದಿನಚರಿ ಹುಡುಕಿ

ಸ್ಥಳ ಬದಲಾದಾಗ ಮಕ್ಕಳ ಬಗ್ಗೆ ಎಲ್ಲರೂ ಯೋಚಿಸುತ್ತಾರೆ. ಮಕ್ಕಳು ಒಂದು ತಿಂಗಳಲ್ಲಿ ಗೆಳೆಯರನ್ನು ಹುಡುಕಿಕೊಳ್ಳುತ್ತಾರೆ. ಬೇರು ಕೀಳುವುದು ಎಪ್ಪತ್ತು ದಾಟಿದವರಿಗೆ. ಅತ್ತೆ ನಲವತ್ತು ವರ್ಷ ಒಂದೇ ಹಾದಿಯಲ್ಲಿ ನಡೆದವರು. ದೇವಸ್ಥಾನ, ತರಕಾರಿಯವನು, ಔಷಧದ ಅಂಗಡಿ, ಕಟ್ಟೆಯ ಮೇಲೆ ನಾಲ್ಕು ಜನ ಗೆಳತಿಯರು. ಇಲ್ಲಿ ಬಂದ ಮೊದಲ ಎರಡು ತಿಂಗಳು ಅವರು ಬಾಲ್ಕನಿ ಬಿಟ್ಟು ಕೆಳಗಿಳಿಯಲಿಲ್ಲ. ಅವರು ದೂರಲಿಲ್ಲ, ನಾವು ಗಮನಿಸಲಿಲ್ಲ.

ಮನೆ ನಿಶ್ಚಯಿಸುವ ಮುನ್ನ ಹಿರಿಯರನ್ನು ಕರೆದುಕೊಂಡು ಹೋಗಿ, ಅವರ ನಡಿಗೆಯ ವೇಗದಲ್ಲೇ ನಡೆಯಿರಿ. ಹತ್ತು ನಿಮಿಷದಲ್ಲಿ ಸೇರಬಹುದಾದ ಒಂದು ಗುಡಿ, ಒಂದು ದಿನಸಿ ಅಂಗಡಿ, ಕುಳಿತುಕೊಳ್ಳಲು ಒಂದು ಜಾಗ, ಈ ಮೂರು ಇರಲೇಬೇಕು. ಹೆದ್ದಾರಿ ದಾಟಿ ಹೋಗಬೇಕಾದರೆ ಅದನ್ನು ಹತ್ತಿರವೆಂದು ಲೆಕ್ಕ ಹಿಡಿಯಬೇಡಿ. ಆಸ್ಪತ್ರೆ ಎಷ್ಟು ದೂರ ಎನ್ನುವುದನ್ನು ಕಿಲೋಮೀಟರಿನಲ್ಲಿ ಅಲ್ಲ, ಸಂಜೆಯ ದಟ್ಟಣೆಯ ನಿಮಿಷಗಳಲ್ಲಿ ಅಳೆಯಿರಿ.

ಹಳೆಯ ಬಡಾವಣೆಯ ನಂಟನ್ನು ಕಡಿಯಬೇಡಿ. ಶಕ್ತಿ ಯೋಜನೆ ಇರುವುದರಿಂದ ಅತ್ತೆಗೆ ಬಿಎಂಟಿಸಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚಿಲ್ಲ. ಪ್ರತಿ ಏಕಾದಶಿಯ ಮರುದಿನ ಹನುಮಂತನಗರಕ್ಕೆ ಹೋಗಿ ಗೆಳತಿಯರನ್ನು ಕಂಡು ಬರುತ್ತಾರೆ. ಜೊತೆಗೆ ಈ ಊರಿನ ಹಬ್ಬಗಳಿಗೂ ಹೋಗಿ. ಹುಸ್ಕೂರು ಮದ್ದೂರಮ್ಮನ ಜಾತ್ರೆಗೆ ಸುತ್ತಲಿನ ಹಳ್ಳಿಗಳವರು ಮುಗಿಲೆತ್ತರದ ತೇರುಗಳನ್ನು ಎಳೆದು ತರುತ್ತಾರೆ, ಆನೇಕಲ್ಲಿನಲ್ಲಿ ಕರಗ ನಡೆಯುತ್ತದೆ. ಕನ್ನಡ, ತೆಲುಗು, ತಮಿಳು ಮೂರೂ ಕಿವಿಗೆ ಬೀಳುವ ಗಡಿಸೀಮೆ ಇದು. ನಾವು ಬರುವ ಎಷ್ಟೋ ಕಾಲ ಮೊದಲಿನಿಂದಲೂ ಇಲ್ಲಿ ಊರಿತ್ತು ಎಂಬುದು ಮಕ್ಕಳಿಗೆ ತಿಳಿಯುವುದು ಜಾತ್ರೆಯ ಗದ್ದಲದಲ್ಲೇ.

ಹೆಜ್ಜೆ 5: ಶಾಲೆ

ಸ್ಥಳಾಂತರವನ್ನು ಏಪ್ರಿಲ್-ಮೇ ರಜೆಗೆ ಹೊಂದಿಸಿ. ಹೊಸ ಶಾಲೆಯಲ್ಲಿ ಸೀಟು ಖಚಿತವಾದ ಮೇಲೆಯೇ ಹಳೆಯ ಶಾಲೆಯಿಂದ ವರ್ಗಾವಣೆ ಪತ್ರ ತೆಗೆದುಕೊಳ್ಳಿ. ಶಿಕ್ಷಣ ಇಲಾಖೆ ಮಗುವಿಗೆ ಕೊಟ್ಟಿರುವ ಸ್ಯಾಟ್ಸ್ ಸಂಖ್ಯೆ, ಹೆಸರಿನ ಅಕ್ಷರಗಳು, ಜನ್ಮದಿನಾಂಕ ಎಲ್ಲ ದಾಖಲೆಗಳಲ್ಲೂ ಒಂದೇ ಆಗಿವೆಯೇ ಎಂದು ಅಲ್ಲಿಯೇ ನಿಂತು ಪರಿಶೀಲಿಸಿ. ಕನ್ನಡ ಪ್ರಥಮ ಭಾಷೆಯಾಗಿ ಇದೆಯೇ ಎಂದು ಕೇಳಲು ಸಂಕೋಚ ಬೇಡ. ಮಗು ಒಂಬತ್ತನೆಯ ತರಗತಿ ಮುಗಿಸಿದ್ದರೆ ನನ್ನ ಸಲಹೆ ಒಂದೇ: ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಒಂದು ವರ್ಷ ತಡೆಯಿರಿ.

ಹೆಜ್ಜೆ 6: ಕೊಳ್ಳುವ ಮುನ್ನ ಒಂದು ವರ್ಷ ಬಾಡಿಗೆ

ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯದೆ ಊರಿನ ಗುಣ ತಿಳಿಯುವುದಿಲ್ಲ. ಹನ್ನೊಂದು ತಿಂಗಳ ಕರಾರು ಮಾಡಿಕೊಳ್ಳಿ. ಟ್ಯಾಂಕರ್ ನೀರಿನ ಖರ್ಚು ಯಾರದು, ಬಿಡುವಾಗ ಬಣ್ಣದ ಹೆಸರಿನಲ್ಲಿ ಮುಂಗಡದಿಂದ ಎಷ್ಟು ಮುರಿದುಕೊಳ್ಳುತ್ತಾರೆ, ಇವೆರಡನ್ನೂ ಬರವಣಿಗೆಯಲ್ಲಿ ಪಡೆಯಿರಿ.

ಕೊಳ್ಳುವಾಗ ದಾಖಲೆಗಳನ್ನು ವಕೀಲರಿಗೆ ತೋರಿಸಿ, ಮಾರುವವರು ಗೊತ್ತುಮಾಡಿದ ವಕೀಲರು ಬೇಡ. ಕೃಷಿ ಜಮೀನನ್ನು ವಸತಿಗೆ ಪರಿವರ್ತಿಸಿದ ಆದೇಶ, ಇ-ಖಾತೆ, ಗ್ರಾಮ ಪಂಚಾಯಿತಿ ವ್ಯಾಪ್ತಿಯಾದರೆ ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11, ಆಸ್ತಿಯ ಮೇಲೆ ಸಾಲ, ಅಡಮಾನ ಇದೆಯೇ ಎಂದು ತೋರಿಸುವ ಋಣಭಾರ ಪ್ರಮಾಣಪತ್ರ, ನಕ್ಷೆ ಮಂಜೂರಾತಿ ಬೇಕು. ಹೊಸ ಅಪಾರ್ಟ್‌ಮೆಂಟಾದರೆ ಕರ್ನಾಟಕ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಜಾಲತಾಣದಲ್ಲಿ ಯೋಜನೆಯ ನೋಂದಣಿ ಸಂಖ್ಯೆ ಹಾಕಿ ನೋಡಿ. ಮಂಜೂರಾದ ನಕ್ಷೆಯಂತೆ ಕಟ್ಟಿದೆ, ವಾಸಿಸಬಹುದು ಎಂದು ಸ್ಥಳೀಯ ಸಂಸ್ಥೆ ಕೊಡುವ ಸ್ವಾಧೀನಾನುಭವ ಪತ್ರ (ಒ.ಸಿ.) ಸಿಗದ ಕಟ್ಟಡಗಳಿಗೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ. "ಆಮೇಲೆ ಮಾಡಿಸಿಕೊಡುತ್ತೇವೆ" ಎಂಬ ಮಾತಿಗೆ ಮುಂಗಡ ಕೊಡಬೇಡಿ.

ಹೆಜ್ಜೆ 7: ಸಾಗಿಸುವ ವಾರ

ಆಷಾಢದಲ್ಲಿ ಬಹಳ ಮಂದಿ ಮನೆ ಬದಲಿಸುವುದಿಲ್ಲ. ಅದಕ್ಕೇ ಶ್ರಾವಣ ಬಂದ ಕೂಡಲೇ ಲಾರಿಗೂ ಕೂಲಿಗೂ ನೂಕುನುಗ್ಗಲು, ಮೂರು ವಾರ ಮುಂಚೆಯೇ ಗೊತ್ತುಮಾಡಿ. ಹಳೆಯ ಮನೆಯ ವಿದ್ಯುತ್ ಸಂಪರ್ಕದ ಆರ್.ಆರ್. ಸಂಖ್ಯೆಯಿಂದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಜೋಡಣೆ ತೆಗೆಸಿ ಹೊಸ ಮನೆಯದಕ್ಕೆ ಜೋಡಿಸಿ. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಲು ನಮೂನೆ 8 ಸಾಕು. ಆಧಾರ್ ವಿಳಾಸವನ್ನು ಎಲ್ಲಕ್ಕಿಂತ ಮೊದಲು ಬದಲಿಸಿ, ಅನಿಲ ಸಂಪರ್ಕ, ಪಡಿತರ ಚೀಟಿ, ಬ್ಯಾಂಕು ಅದರ ಹಿಂದೆ ಸುಲಭವಾಗಿ ಬರುತ್ತವೆ.

ಲಾರಿಗೆ ಕೊನೆಯಲ್ಲಿ ಏರಿ ಮೊದಲು ಇಳಿಯಬೇಕಾದ ಪೆಟ್ಟಿಗೆ ಒಂದಿರಲಿ. ಹಾಲುಕ್ಕಿಸುವ ಪಾತ್ರೆ, ಕಡ್ಡಿಪೆಟ್ಟಿಗೆ, ಒಂದು ವಾರದ ಮಾತ್ರೆಗಳು, ಮಕ್ಕಳ ಒಂದು ಜೊತೆ ಬಟ್ಟೆ, ಇಪ್ಪತ್ತು ಲೀಟರಿನ ಕುಡಿಯುವ ನೀರಿನ ಕ್ಯಾನು. ಉಪ್ಪಿನಕಾಯಿ ಭರಣಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ನೆಟ್ಟಗೆ ನಿಲ್ಲಿಸಿ. ತುಳಸಿ ಕುಂಡವನ್ನು ಲಾರಿಗೆ ಕೊಡಬೇಡಿ. ನಮ್ಮ ಅತ್ತೆ ಅದನ್ನು ಆಟೊದಲ್ಲಿ ಮಡಿಲಲ್ಲಿಟ್ಟುಕೊಂಡು ಬಂದರು. ಗಡಸು ನೀರಿಗೆ ಅದರ ಎಲೆ ಮೊದಲ ತಿಂಗಳೇ ಹಳದಿಗಟ್ಟಿತು. ಮಳೆ ಬಂದಾಗ ಬಾಲ್ಕನಿಯ ಅಂಚಿಗೆ ಬಕೆಟ್ಟಿಟ್ಟು ಹಿಡಿದ ನೀರನ್ನೇ ಈಗ ಅದಕ್ಕೆ ಹಾಕುತ್ತಾರೆ, ಅದೇ ನೀರಿನಲ್ಲಿ ಬೇಳೆಯನ್ನೂ ನೆನೆಸುತ್ತಾರೆ.