ಕಬ್ಬಿಣದ ರಿಸೆಪ್ಟರ್ ಮತ್ತು ಕ್ಯಾನ್ಸರ್ ಹರಡುವಿಕೆ: ಪರೀಕ್ಷಿಸುವುದು ಹೇಗೆ?

ಸ್ತನ ಕ್ಯಾನ್ಸರ್ ಕೋಶಕ್ಕೆ ಕಬ್ಬಿಣ ಬೇಕೇ ಬೇಕು. ಡಿಎನ್‌ಎಗೆ ಕಚ್ಚಾವಸ್ತು ಒದಗಿಸುವ ಕಿಣ್ವ ರೈಬೋನ್ಯೂಕ್ಲಿಯೋಟೈಡ್ ರಿಡಕ್ಟೇಸ್ ಅದಿಲ್ಲದೆ ಕೆಲಸ ಮಾಡದು. ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನ್ ಟ್ರಾನ್ಸ್‌ಫೆರಿನ್. ಅದನ್ನು ಹಿಡಿದು ಕಬ್ಬಿಣವನ್ನು ಒಳಗೆ ತರುವುದು ಮುಖ್ಯವಾಗಿ ಕೋಶದ ಮೇಲ್ಮೈಯಲ್ಲಿರುವ ಗ್ರಾಹಿ ಪ್ರೋಟೀನ್ (ರಿಸೆಪ್ಟರ್) ಟ್ರಾನ್ಸ್‌ಫೆರಿನ್ ರಿಸೆಪ್ಟರ್-1, ಅಂದರೆ ಸಿಡಿ71. ಈ ರಿಸೆಪ್ಟರ್ ಹೆಚ್ಚಿದ್ದರೆ ಕೋಶ ಸುತ್ತಲಿನ ಅಂಗಾಂಶಕ್ಕೆ ಹೆಚ್ಚು ನುಗ್ಗುತ್ತದೆಯೇ ಎಂದು ನೋಡುವ ಕ್ರಮ ಇದು.

1. ಆಕ್ರಮಣಶೀಲ ಎಂಡಿಎ-ಎಂಬಿ-231, ಸೌಮ್ಯ ಎಂಸಿಎಫ್-7 ಎಂಬ ಎರಡೂ ಸ್ತನ ಕ್ಯಾನ್ಸರ್ ಕೋಶತಳಿಗಳನ್ನು ಬೆಳೆಸಿ. ತಟ್ಟೆಯ ಒಂದು ಕುಳಿಗೆ (ವೆಲ್) ಕಬ್ಬಿಣ ಹಿಡಿದಿಡುವ ಡಿಫೆರಾಕ್ಸಮೈನ್ ಅನ್ನು 100 ಮೈಕ್ರೋಮೋಲಾರ್ ಹಾಕಿ ರಾತ್ರಿಯಿಡೀ ಬಿಡಿ. ಕಬ್ಬಿಣ ಕಡಿಮೆಯಾಗಿ ರಿಸೆಪ್ಟರ್ ಏರಬೇಕು. 3ನೇ ಹಂತದ ಅಳತೆಯಲ್ಲಿ ಏರದಿದ್ದರೆ ಮುಂದೆ ಹೋಗಬೇಡಿ.

2. ಕೋಶಗಳನ್ನು ತಟ್ಟೆಯಿಂದ ಬಿಡಿಸುವುದು. ಹೆಚ್ಚಿನವರು ಕೆಡಿಸುವುದು ಇಲ್ಲೇ. ಪ್ರೋಟೀನ್ ಕತ್ತರಿಸುವ ಕಿಣ್ವ ಟ್ರಿಪ್ಸಿನ್ ಬೇಡ. ರಿಸೆಪ್ಟರಿನ ಹೊರಭಾಗವನ್ನೇ ಅದು ಕತ್ತರಿಸಿಬಿಡುತ್ತದೆ, ರಿಸೆಪ್ಟರ್ ಗುರುತಿಸಲು ಬಳಸುವ ಹೊಳೆಯುವ ಆಂಟಿಬಾಡಿ ಅಂಟಿಕೊಳ್ಳುವುದು ಆ ಭಾಗಕ್ಕೇ. ಟ್ರಿಪ್ಸಿನ್ ಹಾಕಿ ಒಂದು ತಾಸು ಚೇತರಿಸಿಕೊಳ್ಳಲು ಬಿಡುವ ಅಡ್ಡದಾರಿಯೂ ನಡೆಯದು: ಒಳಗಿದ್ದ ರಿಸೆಪ್ಟರ್ ಮೇಲೆ ಬರುತ್ತದೆ, ನೀವು ಅಳೆಯುವುದು ಆ ವೇಗವನ್ನು. ಕ್ಯಾಲ್ಸಿಯಂ, ಮೆಗ್ನೀಸಿಯಂ ಇಲ್ಲದ ಪಿಬಿಎಸ್ ಉಪ್ಪುದ್ರಾವಣದಲ್ಲಿ ಎರಡು ಸಲ ತೊಳೆದು, ಕ್ಯಾಲ್ಸಿಯಂ ಹಿಡಿದು ಅಂಟು ಬಿಡಿಸುವ ಇಡಿಟಿಎ 2 ಮಿಲಿಮೋಲಾರ್ ಹಾಕಿ 37 ಡಿಗ್ರಿಯಲ್ಲಿ 5ರಿಂದ 10 ನಿಮಿಷ ಇಡಿ, ತಟ್ಟೆಯ ಬದಿಗೆ ಮೆಲ್ಲಗೆ ತಟ್ಟಿ. ಎಂಸಿಎಫ್-7 ಸತಾಯಿಸಿದರೂ ಕೆರೆಯಬೇಡಿ. ಹರಿದ ಕೋಶದೊಳಗೆ ಆಂಟಿಬಾಡಿ ನುಗ್ಗಿ ಸುಳ್ಳು ಹೊಳಪು ಬರುತ್ತದೆ.

3. ಇನ್ನು ಎಲ್ಲವೂ ಮಂಜುಗಡ್ಡೆಯ ಮೇಲೆ. ಬೆಚ್ಚಗಾದರೆ ನಿಮಿಷಗಳಲ್ಲೇ ರಿಸೆಪ್ಟರ್ ಒಳಗಿಳಿಯುತ್ತದೆ. ಆಂಟಿಬಾಡಿ 30 ನಿಮಿಷ, ಸತ್ತ ಕೋಶ ಗುರುತಿಸುವ ಬಣ್ಣ, ಆಮೇಲೆ ಒಂದೊಂದೇ ಕೋಶದ ಹೊಳಪು ಅಳೆಯುವ ಫ್ಲೋ ಸೈಟೋಮೀಟರ್.

4. ನುಗ್ಗುವಿಕೆಗೆ 8 ಮೈಕ್ರಾನ್ ರಂಧ್ರದ ಪೊರೆಯಿರುವ ಬಟ್ಟಲು (ಟ್ರಾನ್ಸ್‌ವೆಲ್), ಪೊರೆಯ ಮೇಲೆ ಅಂಗಾಂಶದ ತಡೆಯಂತಿರುವ ತೆಳು ಮ್ಯಾಟ್ರಿಜೆಲ್ ಲೇಪ, ಅದರ ಮೇಲೆ ಕೋಶಗಳು. ಪಿಪೆಟ್ ತುದಿಗಳೂ ತಣ್ಣಗಿರಲಿ, ಇಲ್ಲದಿದ್ದರೆ ತುದಿಯಲ್ಲೇ ಹೆಪ್ಪುಗಟ್ಟುತ್ತದೆ. ಕೆಳಗೆ ಶೇ 10 ಸೀರಂ, ಮೇಲೆ ಸೀರಂ ಇಲ್ಲದ ಮಾಧ್ಯಮ. ಸೀರಂ ಇಲ್ಲವೆಂದರೆ ಟ್ರಾನ್ಸ್‌ಫೆರಿನ್ನೂ ಇಲ್ಲ! ಹೊರುವ ಸರಕೇ ಇಲ್ಲದಾಗ ರಿಸೆಪ್ಟರ್ ಎಷ್ಟಿದ್ದರೇನು? ಕಬ್ಬಿಣ ತುಂಬಿದ ಮಾನವ ಟ್ರಾನ್ಸ್‌ಫೆರಿನ್ ಅನ್ನು ಮಿಲಿಲೀಟರಿಗೆ 10 ಮೈಕ್ರೋಗ್ರಾಂನಂತೆ ಮೇಲೆ ಸೇರಿಸಿ. 24 ತಾಸಿನ ನಂತರ ಮೇಲಿನ ಕೋಶಗಳನ್ನು ಹತ್ತಿಯಿಂದ ಒರೆಸಿ, ಕೆಳಗಿನವನ್ನು ಕ್ರಿಸ್ಟಲ್ ವಯೊಲೆಟ್‌ನಿಂದ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಎಣಿಸಿ. ಬಣ್ಣ ಕರಗಿಸಿ ಓದುವ ಕಿಟ್ ನನಗೆ ಹಿಡಿಸದು. ಪೊರೆಗೆ ಅಂಟಿದ ಬಣ್ಣವೂ ಲೆಕ್ಕಕ್ಕೆ ಸೇರುತ್ತದೆ.

5. ಒಂದು ಜೀನನ್ನು ಅಡಗಿಸುವ ಚಿಕ್ಕ ಆರ್‌ಎನ್‌ಎ ತುಣುಕು, ಅಂದರೆ ಎಸ್‌ಐಆರ್‌ಎನ್‌ಎ ಹಾಕಿ ರಿಸೆಪ್ಟರ್ ತಗ್ಗಿಸಿದಾಗ ನುಗ್ಗಿದ ಕೋಶ ಕಡಿಮೆಯಾದರೆ ಸಂಭ್ರಮಿಸಬೇಡಿ. ಕಬ್ಬಿಣ ಸಿಗದೆ ಬೆಳವಣಿಗೆಯೇ ನಿಂತಿರಬಹುದು. ಅಷ್ಟೇ ಹೊತ್ತು ಬೇರೆ ತಟ್ಟೆಯಲ್ಲಿ ಬೆಳೆದವನ್ನೂ ಎಣಿಸಿ ಹೋಲಿಸಿ. ಆಮೇಲೆ ಫೆರಿಕ್ ಅಮೋನಿಯಂ ಸಿಟ್ರೇಟ್ ಕೊಡಿ. ಅದರ ಕಬ್ಬಿಣಕ್ಕೆ ಈ ರಿಸೆಪ್ಟರ್ ಬೇಕಿಲ್ಲ. ನುಗ್ಗುವಿಕೆ ಮರಳಿದರೆ ಕೊರತೆ ಕಬ್ಬಿಣದ್ದು. ಮರಳದಿದ್ದರೆ ಎಸ್‌ಐಆರ್‌ಎನ್‌ಎ ಬೇರೆ ಜೀನಿಗೆ ತಾಗಿತೇ ಎಂದು ಇನ್ನೊಂದು ಅನುಕ್ರಮದಿಂದ ಮತ್ತೆ ನೋಡಿ.